ಕರಿಕಲ್ಲೇ ಬೇಕೆಂದ ಅತ್ತೆ

ನಮ್ಮತ್ತೆ ದಾಕ್ಷಾಯಣಮ್ಮನವರ ಸವತಿ ತೀರಿಕೊಂಡು ನಲವತ್ತು ವರ್ಷದ ಮೇಲಾಗಿದೆ. ಅತ್ತೆಯ ಹೊಟ್ಟೆಕಿಚ್ಚು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಅತ್ತೆ ಈ ಮನೆಗೆ ಬರುವ ಮೊದಲೇ, ಮದುವೆಯಾದ ವರ್ಷದೊಳಗೇ ಹೋದವಳು ಮಾವನ ಮೊದಲ ಹೆಂಡತಿ ಚೂಡಾಮಣಿ. ಅವಳನ್ನು ಅತ್ತೆ ಕಣ್ಣಿಂದ ಕಂಡವರೇ ಅಲ್ಲ. ಕಂಡದ್ದು ಕಡಕೊಳದ ನಮ್ಮ ತೋಟದಲ್ಲಿರುವ ಅವಳ ಸಮಾಧಿಯ ಕಲ್ಲನ್ನು.

ಆ ಹಾಳು ಕಲ್ಲೋ, ಮಿರಮಿರ ಮಿಂಚುವ ಕರಿಕಲ್ಲು. 'ಚೂಡಾಮಣಿ, ಪ್ರೀತಿಯ ಮಡದಿ' ಎಂದು ಮಾವ ಚಂದ್ರಮೌಳಿಯವರು ಕೊರೆಸಿದ ಅಕ್ಷರಗಳು ನಿನ್ನೆ ಕೆತ್ತಿದ ಹಾಗೆ ಬೆಳ್ಳಗೆ ಎದ್ದು ಕಾಣುತ್ತವೆ. ಪಕ್ಕದಲ್ಲಿ ಮಾವನ ತಂದೆಯವರದು ಬೂದು ಗ್ರಾನೈಟ್. ಅಕ್ಷರಕ್ಕೆ ತುಂಬಿದ ಬಣ್ಣ ಉದುರಿ ಯಾರ ಹೆಸರೆಂದೇ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಪೂಜೆಗೆ ಹೋದಾಗ ಅತ್ತೆ ಎರಡನ್ನೂ ತೊಳೆಯುತ್ತಾರೆ. 'ಪ್ರೀತಿಯ ಮಡದಿ'ಯ ಮೇಲೆ ತೆಂಗಿನ ನಾರು ಸ್ವಲ್ಪ ಜೋರಾಗಿಯೇ ಓಡುತ್ತದೆ.

ಮಾವ ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ತಂದರು, ಅತ್ತೆಗೆ ಜ್ವರ ಬಂದಾಗ ಗಂಜಿ ಕಾಯಿಸಿದರು, ಬೈದರೆ ಬೈಸಿಕೊಂಡರು. ಪ್ರೀತಿ ಎನ್ನುವ ಮಾತು ಮಾತ್ರ ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಅದು ಕಡಕೊಳದಲ್ಲೇ ಉಳಿದುಹೋಯಿತು ಎಂದು ಅತ್ತೆಯ ಸಂಕಟ.

ಕಳೆದ ತಿಂಗಳು ನಾವಿರುವ ಕೃಷ್ಣಮೂರ್ತಿಪುರಂ ಮನೆಯ ಅಡುಗೆಕಟ್ಟೆಯ ಕಲ್ಲು ಬದಲಿಸಲು ಹೊರಟೆವು. "ಕರಿಕಲ್ಲೇ ಬೇಕು" ಅಂದರು ಅತ್ತೆ. "ಬೂದು ಬಣ್ಣದ್ದು ಹಾಕ್ಸಿ" ಅಂದರು ಮಾವ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಅಷ್ಟು ಸಾಕಾಯಿತು. ಕಲ್ಲಿನಂಗಡಿ ಮುಟ್ಟುವವರೆಗೂ ಅತ್ತೆ ಮುಖ ಊದಿಸಿಕೊಂಡೇ ಕೂತಿದ್ದರು.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಸುಮ್ಮನಿರಲಾರದೆ ಬಾಯಿ ಹಾಕಿದೆ. ಅಂಗಡಿಯವರು ಎರಡನ್ನೂ ಗ್ರಾನೈಟ್ ಅಂದರೂ ಕರಿಯದು ಡೋಲರೈಟ್. ಎರಡೂ ನೆಲದೊಳಗೆ ಶಿಲಾರಸ ಗಟ್ಟಿಯಾಗಿ ಆದ ಕಲ್ಲುಗಳೇ. "ಕರೀದು ಬಿರುಕಿನೊಳಗೆ ನುಗ್ಗಿ ಬೇಗ ತಣ್ಣಗಾಯ್ತು ಅತ್ತೆ. ಅದಕ್ಕೇ ಹರಳು ಸಣ್ಣ, ಅಕ್ಷರ ನೀಟಾಗಿ ನಿಲ್ಲುತ್ತೆ. ಬೂದು ಬಣ್ಣದ್ದು ಆಳದಲ್ಲಿ ನಿಧಾನವಾಗಿ ತಣ್ಣಗಾಗಿದ್ದು, ಹರಳು ದಪ್ಪ. ಅಡುಗೆಕಟ್ಟೆಗೆ ಎರಡೂ ಚೆನ್ನಾಗಿರುತ್ತೆ."

"ಸರಿ ಬುಡು ಮಧು. ಅವ್ಳು ವರ್ಷದೊಳಗೇ ತಣ್ಣಗಾದ್ಲು, ಹೆಸ್ರು ನಿಂತ್ಬುಡ್ತು. ನಾನು ಇಷ್ಟು ವರ್ಷದಿಂದ ಬೇಯ್ತಾನೇ ಇದೀನಿ" ಎಂದ ಅತ್ತೆ ಮಾವನತ್ತ ತಿರುಗಿದರು. "ಅವ್ಳಿಗೆ ಕರಿಕಲ್ಲು, ನಂಗೆ ಬೂದೀನಾ? ನಾನೇನು ಬಿಟ್ಟಿ ಬಂದವಳೇನ್ರೀ?" ಎಂದು ಅಂಗಡಿಯವನ ಎದುರಿಗೇ ಕೇಳಿಬಿಟ್ಟರು.

ಮಾವ ಕರಿಕಲ್ಲಿನ ಕಡೆ ಕಣ್ಣೆತ್ತಲಿಲ್ಲ. "ಬೆಳಗಾಗೆದ್ದು ಅಂಥ ಕಲ್ಲಿನ ಮುಂದೆ ನೀನು ನಿಂತಿರೋದನ್ನ ನೋಡಕ್ಕೆ ನನ್ ಕೈಲಾಗಲ್ಲ ಕಣೇ. ನಾನೇ ಮೊದ್ಲು ಹೋಗ್ಬೇಕು. ಇನ್ನೊಂದ್ಸಲ ಹೆಂಡ್ತಿ ಹೆಸ್ರು ಕೊರೆಸೋ ಶಕ್ತಿ ನಂಗಿಲ್ಲ."

ನನ್ನ ಕಣ್ಣು ತುಂಬಿತು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, ಬೂದು ಕಲ್ಲಿನ ಮೇಲೆ ಕೈಯಾಡಿಸಿ, "ಇದನ್ನೇ ಕೊಡಪ್ಪ" ಅಂದರು. ಅಬ್ಬಾ, ಅಂತೂ ಹೊಟ್ಟೆಕಿಚ್ಚು ಆರಿತು ಅಂದುಕೊಂಡೆ ನಾನು, ದಡ್ಡಿ.

ಕಾರು ಹತ್ತುವಾಗ ಅತ್ತೆ ಮಾವನ ತೋಳು ಹಿಡಿದುಕೊಂಡರು. "ನೀವು ಮೊದ್ಲು ಹೋದ್ರೆ ಕಲ್ಲು ಹಾಕ್ಸೋಳು ನಾನೇ ತಾನೇ? ಕರೀದೇ ಹಾಕ್ಸ್ತೀನಿ. 'ದಾಕ್ಷಾಯಣಿಯ ಗಂಡ' ಅಂತ ದೊಡ್ಡಕ್ಷರದಲ್ಲಿ ಕೊರೆಸ್ತೀನಿ, ಅವಳ ಕಡೆಗೇ ಮುಖ ಮಾಡಿ."