ಹೋಲ್ಡಾನ್ ಅಂದವನು ಯಾರು?

ನಾನು ನಿವೃತ್ತಳಾಗುವ ಹಿಂದಿನ ವರ್ಷ ಶಿಕಾರಿಪುರ–ಆನವಟ್ಟಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ನಮ್ಮ ಕೆಲಸದಲ್ಲಿ ಎರಡು ಮಾತಿಗೆ ಬೆಲೆ: ‘ಹೋಲ್ಡಾನ್’ ಅಂದರೆ ಬಸ್ಸು ನಿಲ್ಲಬೇಕು, ‘ರೈಟ್’ ಅಂದರೆ ಹೊರಡಬೇಕು. ಎರಡನ್ನೂ ಹೇಳುವ ಅಧಿಕಾರ ಕಂಡಕ್ಟರಿಗೆ ಮಾತ್ರ.

ಅದು ಆಗಸ್ಟ್ ಹದಿನೈದು. ಧ್ವಜಾರೋಹಣ ಮುಗಿಸಿಕೊಂಡು, ಅಂಗಿಗೆ ಬಾವುಟ ಸಿಕ್ಕಿಸಿಕೊಂಡ ನಾಲ್ಕೈದು ಹುಡುಗರು ಹತ್ತಿದರು. ಶಿರಾಳಕೊಪ್ಪ ದಾಟಿದ ಮೇಲೆ ಮುಂದಿನ ಸೀಟಿನ ಯುವಕನೊಬ್ಬ ಫೋನಿನಲ್ಲಿ ‘ಯಾಡಿ, ಯಾಡಿ’ ಎನ್ನುತ್ತ ಮಾತಾಡುತ್ತಿದ್ದ. ಲಂಬಾಣಿ ಭಾಷೆಯಲ್ಲಿ ಯಾಡಿ ಅಂದರೆ ಅಮ್ಮ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅಷ್ಟು ಗೊತ್ತಿರಬೇಕು. ಈ ದೇಶಭಕ್ತರಿಗೆ ಗೊತ್ತಿರಲಿಲ್ಲ.

“ಏಯ್, ಯಾವ ಭಾಷೆಲೇ ಅದು? ಬಾಂಗ್ಲಾದೋನೇನು?” ಎಂದು ಒಬ್ಬ ಅವನ ಕೊರಳಪಟ್ಟಿ ಹಿಡಿದ. ಹಿಡಿದವನೇ “ಹೋಲ್ಡಾನ್!” ಎಂದು ಕೂಗಿದ. ಅಭ್ಯಾಸಬಲದಿಂದ ಡ್ರೈವರ್ ಬಸವರಾಜಣ್ಣ ಬ್ರೇಕ್ ಹಾಕಿದರು. ಹಿಂದಿರುಗಿ ನೋಡಿ, “ಬಿಡ್ರೋ ಅವನ್ನ! ತಾಂಡಾದ ಶಂಕರ, ನಮ್ಮೋನೇ ಕಣ್ರೋ!” ಎಂದರು.

ನಮ್ಮೋನು ಎಂದ ಕೂಡಲೇ ಕೈ ಸಡಿಲವಾಯಿತು. “ಸಾರಿ ಬ್ರದರ್” ಎಂದು ಬೆನ್ನು ತಟ್ಟಿದ್ದೂ ಆಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಶಂಕರ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಹಿಂದಿನ ಸೀಟಿನತ್ತ ಕೈ ತೋರಿಸಿದ: “ಹೊರಗಿನೋನು ಅಲ್ಲಿ ಕುಂತಾನ್ ನೋಡ್ರಿ.”

ಅಲ್ಲಿದ್ದವನು ಬಿಪುಲ್. ಅಸ್ಸಾಮಿನವನು, ಆನವಟ್ಟಿಯ ಹೋಟೆಲಿನಲ್ಲಿ ಪರೋಟ ಮಾಡುತ್ತಿದ್ದ. ಅವನನ್ನು ಎಬ್ಬಿಸಿ ಬಾಗಿಲ ಕಡೆ ಎಳೆದು ತಂದರು. “ಟಿಕೆಟ್ ಐತೆ ಅಣ್ಣ, ಟಿಕೆಟ್ ಐತೆ” ಎಂದು ಅವನು ಚೀಟಿ ಎತ್ತಿ ಹಿಡಿದಿದ್ದ. ಹೊರಗೆ ಖಾಲಿ ರಸ್ತೆ, ಎರಡೂ ಕಡೆ ಮೆಕ್ಕೆಜೋಳದ ಹೊಲ. ಅಲ್ಲಿ ಇಳಿಸಿದರೆ ಅವನ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ತುಂಬ ಜನ, ಒಬ್ಬರೂ ಸೀಟು ಬಿಟ್ಟು ಏಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಬಾಗಿಲಿಗೆ ಅಡ್ಡ ನಿಂತೆ.

“ಸರ್ಕಳ್ರಿ ಮೇಡಂ, ಇದು ದೇಶದ ವಿಷ್ಯ.”

ನನ್ನ ತವರು ಈಸೂರು, ಬ್ರಿಟಿಷರಿಗೆ ಎದೆಯೊಡ್ಡಿದ ಊರು. ಹಾಗೆಂದು ಹೇಳಿದ್ದರೆ ಆ ಹುಡುಗರು ಕೈ ಮುಗಿಯುತ್ತಿದ್ದರೇನೋ. ಹೇಳಲಿಲ್ಲ. ಹೇಳಿದ್ದರೆ ನಾನೂ ಅವರಿಗೆ ‘ನಮ್ಮೋಳು’ ಆಗುತ್ತಿದ್ದೆ, ಬಿಪುಲ್ ಹೊರಗಿನವನಾಗಿಯೇ ಉಳಿಯುತ್ತಿದ್ದ.

“ಈ ಬಸ್ಸಲ್ಲಿ ಹೋಲ್ಡಾನ್ ಅನ್ನೋಳು ನಾನು ಕಣೋ, ನೀನ್ಯಾವನೋ? ಆನವಟ್ಟಿಗೆ ಟಿಕೆಟ್ ಕೊಟ್ಟೀನಿ, ಆನವಟ್ಟೀಲೇ ಇಳಿಸ್ತೀನಿ. ಆಗಲ್ಲ ಅನ್ನೋರು ಇಲ್ಲೇ ಇಳೀರಿ!” ಎಂದು ಬಿಪುಲನ ರಟ್ಟೆ ಹಿಡಿದೆಳೆದು ನನ್ನ ಸೀಟಿನಲ್ಲಿ ಕೂರಿಸಿದೆ. “ಬಸವರಾಜಣ್ಣ, ರೈಟ್!”

ಬಸ್ಸು ಹೊರಟಿತು. ಹುಡುಗರು ಗೊಣಗುತ್ತ ಕೂತರು.

ಆನವಟ್ಟಿಯಲ್ಲಿ ಇಳಿಯುವಾಗ ಶಂಕರ “ಹೆದರಿಬಿಟ್ಟಿದ್ದೆ ಅಕ್ಕಾ” ಎಂದ. ಅವನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು ‘ನಮ್ಮೋನು’ ಎಂಬ ಮಾತಿನ ಮೇಲೆ. ಒಬ್ಬನನ್ನು ಉಳಿಸಿದ ಮರುಗಳಿಗೆಯೇ ಅದು ಇನ್ನೊಬ್ಬನನ್ನು ಬಲಿ ಕೇಳಿತು.

ಬಸ್ಸು ಹತ್ತಿದವರನ್ನೆಲ್ಲ ಇಷ್ಟು ವರ್ಷ ನಾನು ಕೇಳಿದ್ದು ಒಂದೇ ಮಾತು, “ಎಲ್ಲಿಗೆ?” ಎಲ್ಲಿಯವರು ಎಂದು ಕೇಳುತ್ತ ಕೂತಿದ್ದರೆ ಒಂದು ಬಸ್ಸೂ ಡಿಪೋ ಬಿಟ್ಟು ಹೊರಡುತ್ತಿರಲಿಲ್ಲ.