ಸನವಳ್ಳಿಯಾಚೆಯ ಬಾಲವಾಡಿಗೆ

ಭತ್ತದ ಕೊಯ್ಲು ಶುರುವಾಗಿದ್ದ ದಿನಗಳಲ್ಲಿ ನಾನು ದಾಂಡೇಲಿಯಿಂದ ಮುಂಡಗೋಡದ ಕಡೆಗೆ ಹೊರಟೆ. ಮುಂಜಾನೆಯ ಪಾಳಿಗೆ ಹೊರಟಿದ್ದ ನನ್ನ ಗಂಡ ಸೈಕಲ್ ಮೇಲೆ ಬಸ್ ಸ್ಟ್ಯಾಂಡಿನವರೆಗೂ ಬಿಟ್ಟರು. ಚಳಿಗೆ ಕಾಗದದ ಗಿರಣಿಯ ವಾಸನೆ ಊರ ಮೇಲೆಯೇ ನಿಂತಿತ್ತು. "ಹೊಳ್ಳಿ ಬರ್ತೀಯಲ್ಲ?" ಎಂದು ನಗುತ್ತ ಕೇಳಿದರು. ನಾನೂ ನಕ್ಕೆ. ಆದರೆ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಸನವಳ್ಳಿಯಿಂದ ಒಳಗೆ, ಸಿದ್ದಿ ಜನರ ಒಂದು ಸಣ್ಣ ಊರಿನಲ್ಲಿ ನಾನು ಕೆಲವು ವರ್ಷ ಬಾಲವಾಡಿ ನಡೆಸಿದ್ದೆ. ಬಾಲವಾಡಿ ಎಂದರೆ ಯಾರದೋ ಮನೆಯ ಕಟ್ಟೆ, ಒಂದು ಚಾಪೆ, ಮುಂಡಗೋಡದ ಮಹಿಳಾ ಮಂಡಳದವರು ಕೊಡುತ್ತಿದ್ದ ಗೌರವಧನ, ಅಷ್ಟೆ. ಸರಕಾರದ ಅನುದಾನ ಸಿಕ್ಕರೆ ಗೋಡೆ, ಚಾವಣಿ ಇರುವ ಒಂದು ಖೋಲಿ, ಮಕ್ಕಳಿಗೆ ಮಧ್ಯಾಹ್ನದ ಊಟ, ಆಟದ ಸಾಮಾನು ಬರುತ್ತವೆಂದು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೆ. ಕಡೆಗೂ ಮಂಜೂರಾಯಿತು. ಅದರ ಜೊತೆಗೆ, ಕಲಿಸುವವಳು ಅದೇ ಊರಿನವಳಾಗಿರಬೇಕು ಎಂಬ ನಿಯಮವೂ ಬಂತು. ಏಳನೇ ಇಯತ್ತೆ ಪಾಸಾಗಿದ್ದ ಲಲಿತಾಳನ್ನು ಆರಿಸಿದರು. ನಾನು ದಾಂಡೇಲಿಗೆ ಬಂದು ಗಂಡನ ಕೂಡ ಮನೆ ಮಾಡಿದೆ. ನಮಗೆ ಮಕ್ಕಳಿರಲಿಲ್ಲ. ಹಗಲು ಬಹಳ ಉದ್ದ ಅನ್ನಿಸುತ್ತಿತ್ತು.

ವರ್ಷದ ಮೇಲೆ, ಗಿರಣಿಗೆ ಬಿದಿರು ತರುವ ಲಾರಿಯವನ ಕೈಲಿ ಲಲಿತಾ ಹೇಳಿ ಕಳಿಸಿದಳು. ತಾಯಂದಿರು ಮಕ್ಕಳನ್ನು ಕಳಿಸುತ್ತಿಲ್ಲವಂತೆ. ಹೀಗೇ ಆದರೆ ಅನುದಾನವನ್ನು ಬೇರೆ ಊರಿಗೆ ಕೊಡುತ್ತೇವೆಂದು ಕಚೇರಿಯ ಸಾಹೇಬರು ಹೇಳಿ ಹೋಗಿದ್ದರಂತೆ. ಕೇಳಿ ಮರುಕವಾಯಿತು. ಅದರ ಹಿಂದೆಯೇ, ಅಲ್ಲಿ ನಾನಿನ್ನೂ ಬೇಕು ಎಂಬ ಸಂತೋಷವೂ ಆಯಿತು.

ಹಳಿಯಾಳದಲ್ಲಿ ಬಸ್ಸು ಬದಲಿಸುವಾಗ ಒಗ್ಗರಣೆ ಅವಲಕ್ಕಿ ತಿಂದು ಚಹಾ ಕುಡಿದೆ. ಕಲಘಟಗಿಯ ದಾರಿಯಲ್ಲಿ ಧೂಳು ವಿಪರೀತ. ಮುಂಡಗೋಡ ಸಮೀಪಿಸಿದಂತೆ ಟಿಬೆಟಿಯನ್ ಸನ್ಯಾಸಿಗಳು ಬಸ್ಸು ಹತ್ತಿದರು, ಎಲ್ಲರಿಗೂ ಮೊದಲು ಮುದುಕಿಯೊಬ್ಬಳಿಗೆ ಜಾಗ ಮಾಡಿಕೊಟ್ಟರು. ನನ್ನ ಮನಸ್ಸು ಮಾತ್ರ ಮಂಗಲಿಯ ಮೇಲಿತ್ತು. ಬಾಲವಾಡಿಯಲ್ಲಿ ನನ್ನ ಸೆರಗು ಬಿಡದೆ ತಿರುಗುತ್ತಿದ್ದ ಕೂಸು. ಈಗ ಎಷ್ಟು ಎತ್ತರವಾಗಿರಬಹುದು ಎಂದು ಎದುರಿನ ಸೀಟಿಗೆ ಕೈ ಹಿಡಿದು ಅಳೆದು ನೋಡಿದೆ.

ಸನವಳ್ಳಿಯಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ನಡೆದು ಊರು ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಹೊಸ ಖೋಲಿಗೆ ಹಂಚು ಹೊದಿಸಿದ್ದರು, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಲಲಿತಾ, ನಾಲ್ಕೈದು ಮಕ್ಕಳು. ಒಲೆಯ ಮೇಲೆ ಮಾಡಿಟ್ಟ ಗಂಜಿ ಹಾಗೆಯೇ ಉಳಿದಿತ್ತು.

"ಚಲೋ ಆತ್ರಿ ಅಕ್ಕೋರ, ನೀವ ಬಂದ್ರಿ," ಎಂದಳು ಲಲಿತಾ. ಕಣ್ಣು ತುಂಬಿಕೊಂಡಿದ್ದಳು. ಕಲಿಸುವವಳಿಗೆ ಅಲ್ಲಿ ಅಕ್ಕೋರು ಅನ್ನುತ್ತಾರೆ.

ಮುಸ್ಸಂಜೆಗೆ ಕೊಯ್ಲು ಮುಗಿಸಿ ಬಂದ ಹೆಂಗಸರು ಖೋಲಿಯ ಮುಂದೆ ಕೂಡಿದರು. ಮಂಗಲಿಯ ತಾಯಿ ಭರ್ಮವ್ವ ಕುಡುಗೋಲನ್ನು ಬದಿಗಿಟ್ಟು ನನ್ನ ಕೈ ಹಿಡಿದಳು. "ನೀವ ಹೊಳ್ಳಿ ಬರ್ರಿ ಅಕ್ಕೋರ. ಸಾಹೇಬ್ರಿಗೆ ನಾವೆಲ್ಲಾ ಕೂಡಿ ಹೇಳ್ತೇವಿ. ಲಲಿತಾ ನಮ್ಮ ಕಣ್ಮುಂದ ಮೂಗ ಸುರಸ್ಕೋಂತ ಬೆಳದಾಕಿ. ಆಕಿ ಏನ ಕಲಸ್ತಾಳ?"

ಈ ಮಾತಿಗಾಗಿಯೇ ನಾನು ಅಷ್ಟು ದೂರ ಬಂದಿದ್ದೆ ಎಂದು ಕೇಳಿದ ಮೇಲೆಯೇ ನನಗೆ ತಿಳಿಯಿತು. ಹ್ಞೂಂ ಅನ್ನಬಹುದಿತ್ತು. ಲಲಿತಾ ಗೋಡೆಗೆ ಒರಗಿ, ತಲೆ ತಗ್ಗಿಸಿ, ಕಾಲಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಕಟ್ಟೆಯ ಚಾಪೆಯ ಮೇಲೆ ಅವಳ ತಮ್ಮನನ್ನು ಕೂರಿಸಿಕೊಂಡು ನಾನು ಕಲಿಸುವಾಗ ಅಂಗಳದಲ್ಲಿ ನಿಂತು ಕೇಳುತ್ತಿದ್ದವಳು ಅವಳೇ.

"ಭರ್ಮವ್ವ, ನಿನ್ನ ಮಗಳು ನಾಳೆ ಅಕ್ಕೋರ ಆಗಬೇಕಂದ್ರ ಬ್ಯಾಡ ಅಂತೀಯೇನು?" ಎಂದೆ.

"ಯಾಕ ಅನ್ಲಿ?"

"ಮತ್ತ ಲಲಿತಾಗ ಯಾಕ ಅಂತೀ? ನಾ ಬರೂದಿಲ್ಲ. ನನ್ನ ಸಲುವಾಗಿ ಖೋಲಿ ಕಳಕೋಬ್ಯಾಡ್ರಿ."

ಭರ್ಮವ್ವ ನನ್ನ ಕೈ ಬಿಟ್ಟು ಕುಡುಗೋಲು ಎತ್ತಿಕೊಂಡು ಹೋದಳು. ಕೆಲಸ ಕೆಟ್ಟಿತು ಅಂದುಕೊಂಡೆ. ರಾತ್ರಿ ಲಲಿತಾಳ ಮನೆಯಲ್ಲಿ ಅಕ್ಕಿ ರೊಟ್ಟಿ, ಒಣಮೀನಿನ ಸಾರು ಮಾಡಿದ್ದರು. ನಾನೂ ಲಲಿತಾಳೂ ಅರ್ಧಕ್ಕೇ ಎದ್ದು ಕೈ ತೊಳೆದೆವು.

ಬೆಳಗ್ಗೆ ಮಂಜು ಇನ್ನೂ ಗದ್ದೆಯ ಮೇಲಿತ್ತು. ಎಲ್ಲರಿಗಿಂತ ಮೊದಲು ಭರ್ಮವ್ವನೇ ಬಂದಳು, ಮಂಗಲಿಯನ್ನು ಒಳಗೆ ಬಿಟ್ಟು, "ಚಂದಾಗಿ ನೋಡ್ಕೊ ಲಲಿತಾ," ಎಂದಳು. ನನ್ನ ಕಡೆ ನೋಡದೆ ಹೊರಟುಹೋದಳು. ಹಿಂದಿನಿಂದ ಒಬ್ಬೊಬ್ಬರೇ ಬರತೊಡಗಿದರು. ಖೋಲಿ ತುಂಬಿತು.

ಮಂಗಲಿ ನಾನು ಅಳೆದದ್ದಕ್ಕಿಂತ ಎತ್ತರವಾಗಿದ್ದಳು. ನಾನು ಕೈ ಚಾಚಿದೆ. ಅವಳು ಲಲಿತಾಳ ಹಿಂದೆ ಸರಿದು, "ಇವರ್‍ಯಾರ?" ಎಂದು ಕೇಳಿದಳು.

ಲಲಿತಾ ನನ್ನ ಮುಖ ನೋಡಿದಳು.

"ನಾ ನಿಮ್ಮ ಅಕ್ಕೋರ ಗೆಳತಿ," ಎಂದೆ.

ಲಲಿತಾ ತಮ್ಮ ಮನೆಮಾತಿನಲ್ಲೇ, ಕೊಂಕಣಿ ಬೆರೆತ ಆ ಮಾತಿನಲ್ಲಿ, ಕತೆ ಶುರು ಮಾಡಿದಳು. ಅಷ್ಟು ವರ್ಷ ಕನ್ನಡದಲ್ಲೇ ಕಲಿಸಿದ ನನಗೆ ಅಲ್ಲೊಂದು ಇಲ್ಲೊಂದು ಶಬ್ದ ತಿಳಿಯಿತು. ಮುಂಡಗೋಡದ ಬಸ್ಸಿಗೆ ಹೊತ್ತಾಗುತ್ತಿತ್ತು. ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಬಿದ್ದೆ. ಬದುವಿನ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ತೆರೆದ ಬಾಗಿಲಲ್ಲಿ ಮಕ್ಕಳ ಬೆನ್ನುಗಳು ಕಾಣುತ್ತಿದ್ದವು, ಮಂಗಲಿಯದೂ. ಎಲ್ಲರೂ ಲಲಿತಾಳ ಮುಖ ನೋಡುತ್ತಿದ್ದರು.