ಕೆರೆಯ ದಂಡೆಗೆ ಒಂದು ರಾತ್ರಿಯ ಪರವಾನಗಿ

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಭಾಲ್ಕಿಯಿಂದ ಹೊರಟೆವು, ನಾನು ಮತ್ತು ನನ್ನ ಅತ್ತೆ. ಚಳಿ ಗದಗದ ನಡುಗಿಸುತ್ತಿತ್ತು. ನನ್ನ ಬೆನ್ನಿಗೆ ಡೇರೆ, ಅತ್ತೆಯ ಕೈಚೀಲದಲ್ಲಿ ಕಡಕ್ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ನನ್ನ ಬಗಲಲ್ಲಿ ಪರವಾನಗಿ ಕಾಗದಗಳ ನೀಲಿ ಫೈಲು. ಆ ಫೈಲಿನ ಬಗ್ಗೆ ನನಗೆ ಜಂಬವಿತ್ತು, ಮುಚ್ಚಿಡುವುದೇಕೆ? ಕಾಲೇಜಿನ ಹುಡುಗಿಯರನ್ನು ಎಷ್ಟೋ ಕಾಡುಗಳಿಗೆ ಚಾರಣ ಕರೆದೊಯ್ದವಳು ನಾನು. ಒಮ್ಮೆಯೂ ಗೇಟಿನಿಂದ ಹಿಂದಿರುಗಿದವಳಲ್ಲ.

ಈ ಸಲದ ಕಾಡು ಔರಾದ ತಾಲೂಕಿನದು, ಎಕಂಬಾದ ಆಚೆ. ಅತ್ತೆ ಹುಟ್ಟಿದ್ದು ಆ ಸೀಮೆಯಲ್ಲೇ, ಡಾಬಕಾದ ಕುರಿ ಸಾಕುವ ಮನೆತನದಲ್ಲಿ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಕುರಿ ತರುಬಿ ರಾತ್ರಿ ಕಳೆಯುತ್ತಿದ್ದ ಕೆರೆ ಈಗ ಕಾಯ್ದಿಟ್ಟ ಅರಣ್ಯದೊಳಗಿದೆ. ಮುಂದಿನ ವಾರ ಅವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ.

“ಕಾಲು ಕೊಯ್ಯೋದ್ರೊಳಗ ಒಂದ್ ರಾತ್ರಿ ಆ ಕೆರಿ ದಂಡಿಮ್ಯಾಲ ಮಲಗಬೇಕವ್ವ. ಆಮ್ಯಾಲ ಇವು ನಡೀತಾವೋ ಇಲ್ಲೋ” ಎಂದಿದ್ದರು. ನಾನು ಸೊಸೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ನನ್ನಿಂದ ಅವರು ಬೇಡಿದ್ದು ಇದೊಂದೇ.

ಪರವಾನಗಿಗಾಗಿ ಮೂರು ಸಲ ಬೀದರದ ಅರಣ್ಯ ಕಚೇರಿಗೆ ಅಲೆದಿದ್ದೆ. ಹೋಗುವವರ ಹೆಸರು, ವಯಸ್ಸು, ನಡೆಯುವ ದಾರಿ, ಡೇರೆ ಹಾಕುವ ಜಾಗ ಎಲ್ಲ ಬರೆದುಕೊಟ್ಟೆ. ಬೆಂಕಿ ಹಾಕುವುದಿಲ್ಲ ಎಂದು ಮುಚ್ಚಳಿಕೆಯನ್ನೂ ಕೊಟ್ಟೆ. ಅರ್ಜಿಗೆ ನನ್ನ ಆಧಾರ್ ಕಾರ್ಡಿನ ಪ್ರತಿ ಸಾಕಾಯಿತು. ಜೊತೆಯವರದ್ದು ಗೇಟಿನಲ್ಲಿ ತೋರಿಸಬೇಕಿತ್ತು.

ಬೀದರದಲ್ಲಿ ಚಹಾ ಕುಡಿದು ಔರಾದ ಬಸ್ಸು ಹಿಡಿದೆವು. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡನ್ನೂ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಅತ್ತೆ ಕಾರ್ಡನ್ನು ಮತ್ತೆ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡರು. ಕಿಟಕಿಯಾಚೆ ತೊಗರಿ ಹೊಲಗಳು ಹಳದಿ ಹೂವು ಬಿಟ್ಟಿದ್ದವು. ಔರಾದದಿಂದ ಎಕಂಬಾಕ್ಕೆ ಟಂಟಂ ಆಟೋ, ಅಲ್ಲಿಂದ ಗೇಟಿಗೆ ಮೂರು ಕಿಲೋಮೀಟರ್ ನಡಿಗೆ. ಅತ್ತೆ ನಾಲ್ಕು ಕಡೆ ಕೂತರು. ಆದರೂ ನನಗಿಂತ ಅವರೇ ಹುರುಪಿನಲ್ಲಿದ್ದರು.

ಗೇಟಿನ ಗಾರ್ಡ್ ಕಾಗದವನ್ನೂ ಕಾರ್ಡನ್ನೂ ಎರಡೆರಡು ಸಲ ಓದಿದ.

“ಮೇಡಂ, ಪರವಾನಗಿದಾಗ ಗಂಗಾಬಾಯಿ ಅಂತ ಅದ. ಕಾರ್ಡಿನ್ಯಾಗ ಮಾಳವ್ವ. ಈ ಮಾಳವ್ವ ಯಾರ್ರಿ?”

ನಾನು ಕಾರ್ಡು ಇಸಿದುಕೊಂಡು ಓದಿದೆ, ಮಾಳವ್ವ ಎಂದೇ ಇತ್ತು. ಅತ್ತೆ ಮೆಲ್ಲಗೆ ಹೇಳಿದರು: “ನಾನರೀ. ತವರುಮನಿ ಹೆಸರು. ಸಾಲ್ಯಾಗೂ ಅದೇ ಇತ್ತು.”

ನಮ್ಮ ಕಡೆ ಮದುವೆಯಲ್ಲಿ ಗಂಡು ತಟ್ಟೆಯ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುವ ರೂಢಿಯುಂಟು. ಮಾವ ಗಂಗಾಬಾಯಿ ಎಂದು ಬರೆದಿದ್ದರಂತೆ. ನನ್ನ ಮದುವೆಯಲ್ಲಿ ನಾನು ಆ ತಟ್ಟೆ ಬೇಡವೆಂದು ಹಟ ಹಿಡಿದಾಗ, “ಅಕಿ ಹೆಸರು ಅಕಿಗೇ ಇರ್ಲಿ ಬಿಡ್ರಿ” ಎಂದು ನನ್ನ ಪರ ನಿಂತವರು ಇದೇ ಅತ್ತೆ. ಅವರ ಹೆಸರೇನಾಗಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲವಲ್ಲ! ದಾರಿಯಲ್ಲಿ ಎಲ್ಲೆಲ್ಲಿ ನೀರು ಸಿಗುತ್ತದೆಂಬುದನ್ನೂ ಬರೆದಿಟ್ಟುಕೊಂಡವಳು ನಾನು.

ನಾನು ಗೋಗರೆದೆ. ಗಾರ್ಡ್ ಕೆಟ್ಟವನಲ್ಲ. “ರಾತ್ರಿ ಇರ್ಲಿಕ್ಕಿ ಬಿಟ್ರ ನನ್ನ ನೌಕರಿ ಹೋಗ್ತದ್ರಿ. ಹಗಲು ಹೊತ್ತಿಗಿ ಪರವಾನಗಿ ಬೇಕಿಲ್ಲ, ಕಾರ್ಡ್ ನೋಡಿ ಬರ್ಕೋತೇನಿ. ಐದಕ್ಕ ಹೊರಗ ಬರ್ರಿ” ಎಂದು ರಿಜಿಸ್ಟರಿನಲ್ಲಿ ಮಾಳವ್ವ ಎಂದು ಬರೆದ.

“ನನ್ನ ತಪ್ಪಾತ್ರಿ ಅತ್ತಿ” ಎಂದೆ.

“ಸುಮ್ಮನ ನಡಿ, ಹೊತ್ತು ಹೊಂಟದ” ಎಂದರು. ಆದರೆ ನನ್ನ ಬೆನ್ನ ಮೇಲಿನ ಡೇರೆಯನ್ನು ಅವರು ಒಮ್ಮೆ ನೋಡಿದ್ದು ನನಗೆ ಕಂಡಿತು.

ಕೆರೆಯಲ್ಲಿ ಅರ್ಧ ನೀರಿತ್ತು. ದೂರದಲ್ಲಿ ನಾಲ್ಕೈದು ಕೃಷ್ಣಮೃಗ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ರೊಟ್ಟಿ ಮುರಿಯುತ್ತಾ ಅತ್ತೆ ತೋರಿಸಿದರು: “ನಾ ಕುರಿ ಹಿಂದ ಆಚಿ ದಂಡಿಗಿ ಹೋಗ್ತಿದ್ದೆ. ಹೊತ್ತು ಮುಳುಗೂ ಮುಂದ ಅಪ್ಪ ಈ ಕಲ್ಲಿನಮ್ಯಾಲ ನಿಂತು ಕೂಗ್ತಿದ್ದ.” ಆಮೇಲೆ ಕೋಲೂರುತ್ತಾ ಆ ದಂಡೆಗೆ ಒಬ್ಬರೇ ಹೋದರು. ನಾನು ಹಿಂದೆ ಹೋಗಲಿಲ್ಲ.

ನಾಲ್ಕು ದಾಟಿತು. “ಅತ್ತೀ” ಎಂದು ಕೂಗಿದೆ. ನೀರಿಗೆ ಮುಖ ಮಾಡಿ ಕೂತವರು ತಿರುಗಲಿಲ್ಲ. ಇನ್ನೆರಡು ಸಲ ಕೂಗಿದೆ. ಅತ್ತೆಯ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ಆದರೂ ಆ ಕಲ್ಲು ಹತ್ತಿ ನಿಂತೆ.

“ಮಾಳವ್ವಾ!”

ಅತ್ತೆ ದಡಕ್ಕನೆ ಎದ್ದರು, ಮೊಣಕಾಲು ಮರೆತವರಂತೆ.

“ಬಂದ್ನೋ ಅಪ್ಪಾ!”